ಗಾಡಿ ಹೋಯಿತು, ಆರ್‌ಸಿ ಹೋಯಿತೇ?

ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಹೊಂಗೆ ಮರದ ಕೆಳಗೆ ಗಾಳಿ ಇಳಿದು ಕೂತ ಮಾರುತಿ 800 ಒಂದಾದರೂ ಕಣ್ಣಿಗೆ ಬೀಳುತ್ತದೆ. ಮಂಡ್ಯ ಕಡೆಯ ಹಳ್ಳಿಗಳಲ್ಲಾದರೆ ಅಂಥದ್ದೇ ಕಾರು ಕೊಟ್ಟಿಗೆ ಪಕ್ಕದಲ್ಲಿ, ಮೇಲೆ ಹುಲ್ಲು ಹೊತ್ತು ನಿಂತಿರುತ್ತದೆ. ಒಂದು ದಿನ ಗುಜರಿಯವರು ಬಂದು, ಕೈಗೆ ದುಡ್ಡಿಟ್ಟು, ಎಳೆದುಕೊಂಡು ಹೋಗುತ್ತಾರೆ. ಅಲ್ಲಿಗೆ ಮುಗಿಯಿತು ಎಂದು ಮನೆಯವರು ಮರೆತುಬಿಡುತ್ತಾರೆ. ಯಾವತ್ತೋ ನೋಟಿಸ್ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಸಾರ್, ಆ ಗಾಡಿನ ಆವಾಗ್ಲೇ ಗುಜರಿಗೆ ಹಾಕಿದ್ವಲ್ಲ!’

ಹಾಕಿದ್ದೀರಿ, ನಿಜ. ಆದರೆ ಆರ್‌ಟಿಒ ದಾಖಲೆಯಲ್ಲಿ ಅದು ಇವತ್ತಿಗೂ ನಿಮ್ಮದೇ ಗಾಡಿ. ಕಾರು ಚೂರುಚೂರಾದರೂ ನೋಂದಣಿ ತಾನಾಗಿ ರದ್ದಾಗುವುದಿಲ್ಲ. ಎಷ್ಟು ಸಲ ಹೇಳಿದರೂ ಜನ ಇದೊಂದನ್ನು ಮಾತ್ರ ತಲೆಗೆ ಹಾಕಿಕೊಳ್ಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ, ಗಾಡಿ ನಾಶವಾದರೆ ಅಥವಾ ಮತ್ತೆಂದೂ ಓಡಿಸಲು ಬಾರದಂತಾದರೆ, ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಗಾಡಿ ಕೈಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿದೆ. ‘ಆರ್‌ಸಿನೂ ಕೊಟ್ಬಿಡಿ ಅಣ್ಣ, ಕ್ಯಾನ್ಸಲ್ ನಾವೇ ಮಾಡಿಸ್ತೀವಿ’ ಎಂದ ತಕ್ಷಣ ಮೂಲ ಆರ್‌ಸಿ ಜೊತೆಗೆ ಖಾಲಿ ಫಾರಂ 29, 30ಕ್ಕೂ ಸಹಿ ಹಾಕಿ ಕೊಟ್ಟುಬಿಡುತ್ತಾರೆ. ಅವು ಮಾಲೀಕತ್ವ ವರ್ಗಾಯಿಸುವ ಫಾರಂಗಳು, ರದ್ದತಿಗೂ ಅವಕ್ಕೂ ಸಂಬಂಧವೇ ಇಲ್ಲ. ಆರ್‌ಸಿ, ನಂಬರ್ ಪ್ಲೇಟು, ಚಾಸಿಸ್ ನಂಬರಿನ ತಗಡು ಮೂರೂ ಒಂದೇ ಕೈ ಸೇರಿದರೆ ಕದ್ದ ಕಾರೊಂದಕ್ಕೆ ನಿಮ್ಮ ಕಾರಿನ ಗುರುತು ಅಂಟಿಸಬಹುದು. ಗುಜರಿಯವರೆಲ್ಲ ಹಾಗೆ ಮಾಡುತ್ತಾರೆಂದಲ್ಲ, ಬಹಳ ಮಂದಿ ಮರ್ಯಾದೆಯಿಂದ ದುಡಿಯುವವರೇ. ಆದರೆ ಅವರ ಕೈಯಿಂದ ಆ ತಗಡು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೆ ಗೊತ್ತಾಗುವುದಿಲ್ಲ.

ಚಾಸಿಸ್ ನಂಬರ್ ಎಂದರೆ ಈಗಿನ ಕಾರುಗಳಲ್ಲಿ 17 ಅಕ್ಷರ, ಅಂಕಿಗಳ ಸಾಲು, ಹಳೆಯ ಕಾರುಗಳಲ್ಲಿ ಇದಕ್ಕಿಂತ ಚಿಕ್ಕದಿರಬಹುದು. ಎಷ್ಟೋ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಇಂಜಿನ್ ಹಿಂದಿನ ತಗಡಿನ ಮೇಲೆ ಒತ್ತಿರುತ್ತಾರೆ. ಸೀಮೆಎಣ್ಣೆ ಬಟ್ಟೆಯಲ್ಲಿ ಜಿಡ್ಡು ಒರೆಸಿ, ಒಣಗಿದ ಮೇಲೆ ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲ್ ಮೊನೆಯನ್ನು ಮಲಗಿಸಿ ಉಜ್ಜಿದರೆ ಅಚ್ಚು ಮೂಡುತ್ತದೆ. ತಂತಿ ಬ್ರಷ್ಷಿನಿಂದ ಗೀರಬೇಡಿ, ತುಕ್ಕಿನ ಜೊತೆ ಅಂಕಿಯೂ ಉದುರುತ್ತದೆ. ಗಾಡಿ ಕೊಡುವ ಮೊದಲೇ ಎರಡು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಫೋಟೊವನ್ನೂ ಹಿಡಿಯಿರಿ.

ಸರಿಯಾದ ದಾರಿ ಎಂದರೆ 2021ರ ನಿಯಮಗಳಡಿ ನೋಂದಾಯಿಸಿಕೊಂಡ ಸ್ಕ್ರ್ಯಾಪ್ ಕೇಂದ್ರ. ಅಲ್ಲಿ ಗಾಡಿ ಒಪ್ಪಿಸಿದರೆ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಕೊಡುತ್ತಾರೆ, ರದ್ದತಿ ಸರ್ಕಾರದ ವಾಹನ್ ಪೋರ್ಟಲ್ ಮೂಲಕವೇ ನಡೆಯುತ್ತದೆ. ಆ ಸರ್ಟಿಫಿಕೇಟ್ ತೋರಿಸಿದರೆ ಹೊಸ ಸ್ವಂತ ಕಾರಿನ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ನಿಮಗೆ ಎಷ್ಟು ಸಿಗುತ್ತದೆಂದು ಬುಕಿಂಗ್‌ಗೆ ಮೊದಲೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಎಳೆದುಕೊಂಡು ಹೋಗುವ ಖರ್ಚು ಯಾರದು ಎಂಬುದೂ ಮೊದಲೇ ತೀರ್ಮಾನವಾಗಲಿ.

ಊರಿನ ಗುಜರಿಗೇ ಕೊಡುವುದಾದರೆ ಮೊದಲು ಆರ್‌ಟಿಒಗೆ ಹೋಗಿ ಯಾವ ಕಾಗದ ಬೇಕೆಂದು ವಿಚಾರಿಸಿ. ಕೆಎ 09, ಕೆಎ 55, ಕೆಎ 11, ನಿಮ್ಮದು ಯಾವುದೋ ಆ ಕಚೇರಿಗೇ ಹೋಗಬೇಕು. ಚಾಸಿಸ್ ನಂಬರಿರುವ ತುಂಡನ್ನು ನಿಮ್ಮ ಕಣ್ಣೆದುರಿಗೇ ಗ್ರೈಂಡರಿನಲ್ಲಿ ಕತ್ತರಿಸಿ ಇಸಿದುಕೊಳ್ಳಿ, ಎರಡೂ ನಂಬರ್ ಪ್ಲೇಟು ಬಿಚ್ಚಿಟ್ಟುಕೊಳ್ಳಿ, ತಾರೀಕು ಹಾಕಿದ ರಸೀದಿ ಪಡೆಯಿರಿ.

ರದ್ದತಿಯ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಬಹುತೇಕ ಎಚ್‌ಪಿ ಎಂಟ್ರಿಯಲ್ಲಿ, ಅಂದರೆ ಗಾಡಿ ಮೇಲೆ ಸಾಲವಿದೆ ಎಂಬ ನಮೂದಿನಲ್ಲಿ. ಸಾಲ ತೀರಿ ಎಷ್ಟು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ ಸಾಲ ಮಾಡಿ ಕೊಂಡ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಬ್ಯಾಂಕು 2017ರ ಏಪ್ರಿಲ್ 1ರಂದು ಎಸ್‌ಬಿಐಗೆ ಸೇರಿತು, ಹಾಗಾಗಿ ಆಕ್ಷೇಪವಿಲ್ಲವೆಂಬ ಪತ್ರವನ್ನೂ (ಎನ್‌ಒಸಿ) ಎಚ್‌ಪಿ ತೆಗೆಸುವ ಫಾರಂ 35ರ ಸಹಿಯನ್ನೂ ಎಸ್‌ಬಿಐನಲ್ಲೇ ಕೇಳಬೇಕು. ಹಳೆಯ ಸಾಲದ ಖಾತೆ ಸಂಖ್ಯೆ ಬರೆದುಕೊಂಡು ಹೋದರೆ ಅಲೆದಾಟ ತಪ್ಪುತ್ತದೆ. ಗಾಡಿ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಮೊದಲೇ ಹೊಂದಿಸಿಕೊಳ್ಳಿ, ವಾರಸುದಾರರ ಹೆಸರಿಗೆ ವರ್ಗಾವಣೆಗೆ ಫಾರಂ 31 ಬೇಕಾಗುತ್ತದೆ.

ರೇಟಿನ ವಿಷಯ ಸರಳ. ಮಾರುತಿ 800ರ ತೂಕ ಸುಮಾರು 650 ಕೆಜಿ. ಸೀಟು, ಗಾಜು, ರಬ್ಬರು, ಪ್ಲಾಸ್ಟಿಕ್ ಕಳೆದರೆ ಕಬ್ಬಿಣ ಮೂರರಲ್ಲಿ ಎರಡು ಪಾಲು ಎಂದಿಟ್ಟುಕೊಳ್ಳಿ, ಅದನ್ನು ಆ ದಿನದ ಕೆಜಿ ದರಕ್ಕೆ ಗುಣಿಸಿ. ಬ್ಯಾಟರಿಯಲ್ಲಿ ಸೀಸ, ವೈರಿಂಗಿನಲ್ಲಿ ತಾಮ್ರ, ಇಂಜಿನ್ನಿನಲ್ಲಿ ಅಲ್ಯೂಮಿನಿಯಂ ಇದೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದರೊಳಗೆ ಪ್ಲಾಟಿನಂ ಗುಂಪಿನ ಲೋಹಗಳಿರುತ್ತವೆ. ಇವಕ್ಕೆಲ್ಲ ಬೇರೆ ರೇಟು ಕೇಳಿ. ತೂಕದ ಲೆಕ್ಕದಲ್ಲಿ ಕೊಡುವುದಾದರೆ ವೇ ಬ್ರಿಡ್ಜ್ ಚೀಟಿ ಇಲ್ಲದೆ ಒಪ್ಪಬೇಡಿ. ಕಬ್ಬಿನ ಲೋಡನ್ನು ಕಣ್ಣಲ್ಲಿ ಕಣ್ಣಿಟ್ಟು ತೂಗಿಸುವ ಮಂಡ್ಯದ ರೈತರೇ ಕಾರು ಕೊಡುವಾಗ ಅಂದಾಜಿಗೆ ಒಪ್ಪಿಬಿಡುತ್ತಾರಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಫಾಸ್ಟ್ಯಾಗ್ ಕಿತ್ತು ಹಾಕಿದರೆ ಸಾಲದು, ಕೊಟ್ಟ ಬ್ಯಾಂಕಿನಲ್ಲಿ ಮುಚ್ಚಿಸಬೇಕು. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಸ್ವಲ್ಪ ದಿನ ಬಿಟ್ಟು ಪರಿವಾಹನ್ ಜಾಲತಾಣದಲ್ಲಿ ನಿಮ್ಮ ಗಾಡಿ ನಂಬರ್ ಹಾಕಿ ನೋಡಿ. ಸ್ಥಿತಿ ಇನ್ನೂ ‘ಆಕ್ಟಿವ್’ ಎಂದೇ ತೋರಿಸಿದರೆ ರಸೀದಿ ಹಿಡಿದು ಆರ್‌ಟಿಒಗೆ ಮತ್ತೆ ಹೋಗಿ.