ನಾಲ್ಕು ಕೋಟಿ ಅಂಕಿಗಳ ಸಂಖ್ಯೆ ಅವಿಭಾಜ್ಯ ಅಂತ ಗೊತ್ತಾಗೋದು ಹೇಗೆ?

ಪ್ರಶ್ನೆ: ತುಮಕೂರಿನ ನಮ್ಮ ಪಿನ್ ಕೋಡ್ 572101 ಅವಿಭಾಜ್ಯ ಸಂಖ್ಯೆಯೇ? ಎಲ್ಲಿಯವರೆಗೆ ಭಾಗಿಸುತ್ತಾ ಹೋಗಬೇಕು? ಕೋಟಿಗಟ್ಟಲೆ ಅಂಕಿಗಳಿರುವ ಸಂಖ್ಯೆಗೂ ಹೀಗೇ ಮಾಡುತ್ತಾರಾ?

ಉತ್ತರ: ವರ್ಗಮೂಲದವರೆಗೆ ಸಾಕು. 572101ರ ವರ್ಗಮೂಲ 756ಕ್ಕಿಂತ ತುಸು ಹೆಚ್ಚು. ಅದಕ್ಕಿಂತ ದೊಡ್ಡ ಅಪವರ್ತನ ಇದ್ದರೆ ಅದರ ಜೋಡಿ 756ರ ಒಳಗೇ ಸಿಕ್ಕಿರುತ್ತದೆ. ಅಲ್ಲಿಯವರೆಗಿನ ಅವಿಭಾಜ್ಯಗಳು 133; ಆದರೆ ಅಷ್ಟು ದೂರ ಹೋಗಬೇಕಿಲ್ಲ, 17 × 33653 = 572101. ಕೋಲಾರದ 563101 ಇನ್ನೂ ಬೇಗ ಒಡೆಯುತ್ತದೆ: 7 × 80443. ಚಿಕ್ಕಬಳ್ಳಾಪುರದ 562101ರ ಅಂಕಿಗಳ ಮೊತ್ತ 15, ಹಾಗಾಗಿ 3ರಿಂದಲೇ ಭಾಗವಾಗುತ್ತದೆ.

ದೊಡ್ಡ ಸಂಖ್ಯೆಗೆ ಈ ದಾರಿ ನಡೆಯುವುದಿಲ್ಲ. ಎರಡು ಅಂಕಿ ಹೆಚ್ಚಾದರೆ ವರ್ಗಮೂಲ ಹತ್ತು ಪಟ್ಟಾಗುತ್ತದೆ. ನೂರು ಅಂಕಿಗೇ ಯಾವ ಕಂಪ್ಯೂಟರೂ ಸೋಲುತ್ತದೆ. ಅಕ್ಟೋಬರ್ 2024ರಲ್ಲಿ ಪತ್ತೆಯಾದ 2¹³⁶²⁷⁹⁸⁴¹ − 1ಕ್ಕೆ 4,10,24,320 ಅಂಕಿಗಳಿವೆ. ಇಂಥ ಸಂಖ್ಯೆಗೆ ಸಣ್ಣ ಅಪವರ್ತನಗಳೇನಾದರೂ ಇವೆಯಾ ಅಂತ ಮೊದಲು ನೋಡುತ್ತಾರೆ, ನಿಜ. ಆದರೆ ಅವಿಭಾಜ್ಯ ಅನ್ನುವುದಕ್ಕೆ ಪುರಾವೆ ಕೊಡುವುದು ಲ್ಯೂಕಾಸ್–ಲೆಹ್ಮರ್ ಪರೀಕ್ಷೆ. ಅದು ಎರಡರ ಘಾತದಿಂದ ಒಂದು ಕಳೆದ ಸಂಖ್ಯೆಗಳಿಗೆ, ಅಂದರೆ ಮರ್ಸೆನ್ ಸಂಖ್ಯೆಗಳಿಗೆ ಮಾತ್ರ. ಘಾತವೂ, ಅಂದರೆ 2ರ ತಲೆಯ ಮೇಲೆ ಬರೆಯುವ ಸಂಖ್ಯೆಯೂ, 2ಕ್ಕಿಂತ ದೊಡ್ಡ ಅವಿಭಾಜ್ಯವಾಗಿರಬೇಕು.

2⁷ − 1, ಅಂದರೆ 127 ತೆಗೆದುಕೊಂಡು ಪೆನ್ನು ಹಿಡಿದು ಮಾಡಿ ನೋಡಿ. 4ರಿಂದ ಶುರು. ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದನ್ನೇ ಮಾಡಿ. ಒಟ್ಟು 7 − 2 = 5 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಇಲ್ಲಿ ಬರುವುದು 14, 67, 42, 111, 0.

ಇದರ ಸೊಗಸೆಲ್ಲ ಶೇಷ ತೆಗೆಯುವುದರಲ್ಲಿದೆ. 67ರ ವರ್ಗದಿಂದ 2 ಕಳೆದರೆ 4487. ಅದು 35 × 128 + 7; 128ನ್ನು 127ರಿಂದ ಭಾಗಿಸಿದರೆ 1 ಉಳಿಯುವುದರಿಂದ 35ನ್ನೂ 7ನ್ನೂ ಕೂಡಿದರೆ ಶೇಷ 42 ಬಂತು, 127ರಿಂದ ಭಾಗಿಸುವ ಗೋಜೇ ಇಲ್ಲ. ದ್ವಿಮಾನದಲ್ಲಿ, ಅಂದರೆ ಸಂಖ್ಯೆಯನ್ನು 0 ಮತ್ತು 1ರಿಂದಲೇ ಬರೆದಾಗ, 128ರಿಂದ ಭಾಗಿಸುವುದೆಂದರೆ ಕೊನೆಯ ಏಳು ಅಂಕಿಗಳನ್ನು ಬೇರೆ ಮಾಡುವುದಷ್ಟೇ. ಅತಿ ದೊಡ್ಡ ಅವಿಭಾಜ್ಯಗಳನ್ನು ಮರ್ಸೆನ್ ಸಂಖ್ಯೆಗಳಲ್ಲೇ ಹುಡುಕುವುದು ಇಂಥ ಅನುಕೂಲಗಳಿಗಾಗಿಯೇ.

ತಪ್ಪಾಗುವ ಜಾಗ ಎರಡು. ಕೊನೆಯ ಹೆಜ್ಜೆಯಲ್ಲಿ 12319 = 96 × 128 + 31; ಕೂಡಿದರೆ 127 ಬರುತ್ತದೆ. ಅದನ್ನು ಸೊನ್ನೆ ಎಂದೇ ಓದಬೇಕು. ಇನ್ನೊಂದು, ಶೇಷವನ್ನು ಪ್ರತಿ ಹೆಜ್ಜೆಗೂ ತೆಗೆಯದೆ ಕೊನೆಗಿರಲಿ ಎಂದು ಬಿಡುವುದು. ಅಂಕಿಗಳು ಪ್ರತಿ ಸಲ ದುಪ್ಪಟ್ಟಾಗಿ ಲೆಕ್ಕ ಕೈಮೀರುತ್ತದೆ. 2024ರ ಸಂಖ್ಯೆಗೆ ಬೇಕಾದದ್ದು 13,62,79,839 ಹೆಜ್ಜೆಗಳು.

ಘಾತ ಅವಿಭಾಜ್ಯವಾದರೆ ಸಂಖ್ಯೆಯೂ ಅವಿಭಾಜ್ಯ ಅಂದುಕೊಳ್ಳಬೇಡಿ. 2¹¹ − 1 = 2047ಕ್ಕೆ ಒಂಬತ್ತನೇ ಹೆಜ್ಜೆಯಲ್ಲಿ 1736 ಉಳಿಯುತ್ತದೆ, ಹಾಗಾಗಿ ಅದು ಅವಿಭಾಜ್ಯವಲ್ಲ. ಅಪವರ್ತನಗಳು ಯಾವುವು ಅಂತ ಮಾತ್ರ ಪರೀಕ್ಷೆ ಹೇಳುವುದಿಲ್ಲ. ಅದಕ್ಕೆ ಬೇರೆ ಸೂತ್ರವಿದೆ: ಇಂಥ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನದಿಂದ 1 ಕಳೆದರೆ ಉಳಿದದ್ದು ಘಾತದ ಎರಡರಷ್ಟರಿಂದ, ಇಲ್ಲಿ 22ರಿಂದ, ಭಾಗವಾಗಲೇಬೇಕು. ಮೊದಲ ಅಭ್ಯರ್ಥಿ 23; 23 × 89 = 2047. ಗಣಿತಜ್ಞ ಆಯ್ಲರ್ 1772ರಲ್ಲಿ 2³¹ − 1 = 2147483647 ಅವಿಭಾಜ್ಯವೆಂದು ತೋರಿಸಿದಾಗ ಇಂಥ ಜರಡಿಯಿಂದಲೇ ಭಾಗಾಕಾರಗಳನ್ನು ಹೆಚ್ಚೆಂದರೆ 372ಕ್ಕೆ ಇಳಿಸಿಕೊಂಡಿದ್ದರು.