180 ಜಿಎಸ್‌ಎಂ ಅಂದರೆ ಯಾವ 180?

ರಾಜ್ಯೋತ್ಸವಕ್ಕೆ ವಾರ ಬಾಕಿ ಇರುವಾಗ ಯುವಕನೊಬ್ಬ ನಾಲ್ಕು ಹಳದಿ ಟೀ ಶರ್ಟ್ ಹಿಡಿದು ನನ್ನ ಹತ್ತಿರ ಬಂದಿದ್ದ. ಹೆಣಿಗೆ ಬಟ್ಟೆಗೆ ಹೆಸರಾದ ತಿರುಪ್ಪೂರಿನಿಂದ ಸಾವಿರ ಪೀಸ್ ತರಿಸಿದ್ದಾನೆ. "ಸ್ಯಾಂಪಲ್ ಹೀಗಿರಲಿಲ್ಲ ಸರ್. ಹಾಕ್ಕೊಂಡ್ರೆ ಒಳಗಿನ ಬನಿಯನ್ ಕಾಣುತ್ತೆ" ಅಂದ. ಬಿಲ್‌ನಲ್ಲಿ ಮಾತ್ರ 180 ಜಿಎಸ್‌ಎಂ ಎಂದೇ ಇತ್ತು.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಅದನ್ನು ನೋಡಲು ನಮ್ಮಲ್ಲಿ ದುಂಡನೆಯ ಕಟರ್ ಇರುತ್ತದೆ. ಪ್ರಿಂಟ್ ಇಲ್ಲದ ಬೆನ್ನಿನ ಭಾಗವನ್ನು ರಬ್ಬರ್ ಮ್ಯಾಟ್ ಮೇಲೆ ಎಳೆಯದೆ ಹಾಸಿ, ಕಟರ್ ಇಟ್ಟು ಒತ್ತಿ ತಿರುಗಿಸಿದೆ. 100 ಚದರ ಸೆಂಟಿಮೀಟರಿನ, ಅಂದರೆ ಚದರ ಮೀಟರಿನ ನೂರನೇ ಒಂದು ಭಾಗದ ಬಿಲ್ಲೆ ಕೈಗೆ ಬಂತು. ತಕ್ಕಡಿ 1.58 ಗ್ರಾಂ ತೋರಿಸಿತು. ನೂರರಿಂದ ಗುಣಿಸಿದರೆ 158. ಬೇರೆ ಶರ್ಟ್‌ಗಳಲ್ಲಿ 1.61, 1.57. ಶೇ 5ರಷ್ಟು ಹೆಚ್ಚುಕಮ್ಮಿ ವ್ಯಾಪಾರದಲ್ಲಿ ಸಾಮಾನ್ಯ, ಆ ಲೆಕ್ಕದಲ್ಲೂ 171ಕ್ಕಿಂತ ಕೆಳಗೆ ಇಳಿಯಬಾರದಿತ್ತು.

ಕಟರ್ ಇಲ್ಲದವರು ದರ್ಜಿಯ ಚಾಕ್‌ನಿಂದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಚೌಕ ಗುರುತು ಮಾಡಿ ಕತ್ತರಿಸಿ, ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿದರೂ ಲೆಕ್ಕ ಸಿಗುತ್ತದೆ.

ಹೊಸದಾಗಿ ಬಟ್ಟೆ ತರಿಸುವವರಿಗೆ ನಾನು ಮೊದಲು ಕೇಳುವುದು, ಮಾರುವವರು ಕೆಜಿ ಲೆಕ್ಕದಲ್ಲಿ ಕೊಡುತ್ತಾರೋ, ಪೀಸ್ ಲೆಕ್ಕದಲ್ಲೋ? ಪೀಸ್ ಲೆಕ್ಕದಲ್ಲಿ ಮಾರುವವರಿಗೆ ಬಟ್ಟೆ ಹಗುರವಾದಷ್ಟೂ ನೂಲು ಉಳಿತಾಯ. ಒಂದು ಟೀ ಶರ್ಟಿಗೆ 1.1 ಚದರ ಮೀಟರ್ ಬಟ್ಟೆ ಬೇಕು ಅಂತಿಟ್ಟುಕೊಳ್ಳಿ. ಜಿಎಸ್‌ಎಂ 20 ಕಮ್ಮಿಯಾದರೆ ಪೀಸಿಗೆ 22 ಗ್ರಾಂ, ಸಾವಿರಕ್ಕೆ 22 ಕೆಜಿ. ಥಾನನ್ನು, ಅಂದರೆ ಹೊಲಿಯದ ಬಟ್ಟೆಯ ಸುರುಳಿಯನ್ನು, ಕೆಜಿಗೆ ಮಾರುವಾಗ ಇದು ತಿರುವುಮುರುವು. 180 ಕೇಳಿದ್ದಕ್ಕೆ 195 ಬಂದರೆ ಕೈಗೆ ದಪ್ಪ ಅನ್ನಿಸಿ ಖುಷಿಯಾಗುತ್ತದೆ, ಆದರೆ 100 ಕೆಜಿಯಲ್ಲಿ 505 ಪೀಸ್ ಹುಟ್ಟಬೇಕಾದಲ್ಲಿ 466 ಮಾತ್ರ ಹುಟ್ಟುತ್ತವೆ. ಎಲ್ಲವೂ ಮೋಸವೇ ಆಗಿರಬೇಕಿಲ್ಲ. ಹೆಣಿಗೆಯಲ್ಲಿ ನೂಲಿನ ಕುಣಿಕೆ (ಲೂಪ್) ಸ್ವಲ್ಪ ಉದ್ದವಾದರೂ ತೂಕ ಇಳಿಯುತ್ತದೆ. ಆದರೂ ನಷ್ಟ ಯಾವ ಕಡೆಯಿಂದ ಬರಬಹುದು ಅನ್ನುವುದು ಮೊದಲೇ ಗೊತ್ತಿರಬೇಕು.

ಇನ್ನೊಂದು ಪ್ರಶ್ನೆ: ಒಗೆಯುವ ಮೊದಲಿನ ತೂಕವೋ, ಒಗೆದ ಮೇಲಿನದೋ? ಫಿನಿಶಿಂಗ್‌ನಲ್ಲಿ ಅಗಲಕ್ಕೆ ಎಳೆದು ಒಣಗಿಸಿದ ಹೆಣಿಗೆ ಬಟ್ಟೆ 165 ತೋರಿಸಬಹುದು. ಒಗೆದಾಗ ಉದ್ದ, ಅಗಲ ಎರಡರಲ್ಲೂ ಶೇ 5 ಕುಗ್ಗಿದರೆ ಅದೇ ಬಟ್ಟೆ 183ರ ಹತ್ತಿರ ಬರುತ್ತದೆ. ತೂಕ ಸರಿಯಾಯಿತು, ಸೈಜು ಕೆಟ್ಟಿತು. ಅಗ್ಗದ ಯೂನಿಫಾರ್ಮ್ ಬಟ್ಟೆಯದು ಬೇರೆ ಕಥೆ: ಗಂಜಿಯ ಬಲದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ, ಎರಡು ಸಲ ಒಗೆದರೆ ಗಂಜಿ ಹೋಗಿ, ತೂಕ ಇಳಿದು ಜೋಲುತ್ತದೆ. ಹಾಗಾಗಿ ನಾನು ಎರಡೂ ತೂಕ ಬರೆದಿಡುತ್ತೇನೆ. ಹತ್ತಿ ಗಾಳಿಯ ತೇವವನ್ನೂ ಹೀರುತ್ತದೆ. ಅದಕ್ಕೇ ಲ್ಯಾಬ್‌ಗಳಲ್ಲಿ ಬಟ್ಟೆಯನ್ನು ಶೇ 65 ತೇವಾಂಶವಿರುವ ಕೋಣೆಯಲ್ಲಿಟ್ಟು ಆಮೇಲೆ ತೂಗುತ್ತಾರೆ. ಜುಲೈ ತಿಂಗಳ ಮಂಗಳೂರಿನ ಗೋದಾಮಿನಲ್ಲಿ ತೂಗಿದ್ದನ್ನು ಹಿಡಿದು ಜಗಳಕ್ಕೆ ಹೋಗಬೇಡಿ.

"ತೂಕ ಜಾಸ್ತಿ ಇದ್ದರೆ ಒಳ್ಳೇ ಬಟ್ಟೆ" ಅನ್ನುವ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಜಿಎಸ್‌ಎಂ ಹೇಳುವುದು ಎಷ್ಟು ನೂಲು ಇದೆ ಅನ್ನುವುದನ್ನು, ಎಂಥ ನೂಲು ಅನ್ನುವುದನ್ನಲ್ಲ. ಗಿಡ್ಡ ಎಳೆಗಳನ್ನು ಬಾಚಿ ತೆಗೆದ (ಕೋಂಬ್ಡ್) 30 ಕೌಂಟ್ ನೂಲಿನ 150ರ ಜೆರ್ಸಿ, ಅಂದರೆ ಸಾದಾ ಹೆಣಿಗೆ ಬಟ್ಟೆ, ಕಳಪೆ ನೂಲಿನ 190ಕ್ಕಿಂತ ಹೆಚ್ಚು ಕಾಲ ಬಾಳುವುದನ್ನು ಕಂಡಿದ್ದೇನೆ. ಕೌಂಟ್ ಅಂದರೆ ನೂಲು ಎಷ್ಟು ಸಣ್ಣ ಅನ್ನುವ ಅಳತೆ, ಅಂಕಿ ಏರಿದಷ್ಟೂ ನೂಲು ಸಣ್ಣ. ಜಿಎಸ್‌ಎಂ, ಕೌಂಟ್ ಎರಡನ್ನೂ ಒಟ್ಟಿಗೇ ಕೇಳಬೇಕು.

ತೊಡುವವರು ಯಾರು, ಎಲ್ಲಿಯವರು ಅನ್ನುವುದನ್ನೂ ಯೋಚಿಸಿ. ಕಲಬುರಗಿಯ ಶಾಲೆಯೊಂದಕ್ಕೆ 240ರ ಪೀಕೆ (ಉಬ್ಬು ಕಣ್ಣಿನ ಹೆಣಿಗೆ) ಕಾಲರ್ ಟೀ ಶರ್ಟ್ ಆರಿಸಿದ್ದರು, ಬಾಳಿಕೆ ಬರಲಿ ಅಂತ. ಮಾರ್ಚ್ ಬಿಸಿಲಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳ ಬೆನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಮಲೆನಾಡಿನಲ್ಲಿ ಚಳಿಗೆಂದು 300ರ ಫ್ಲೀಸ್ (ಒಳಗೆ ಜುಂಗಿರುವ ದಪ್ಪ ಬಟ್ಟೆ) ಕೊಟ್ಟರೆ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ, ಮಗು ಹಸಿ ಬಟ್ಟೆಯಲ್ಲೇ ಶಾಲೆಗೆ ಹೋಗುತ್ತದೆ. ಅಲ್ಲಿಗೆ ತೆಳುವಾದ ಎರಡು ಪದರ ವಾಸಿ.

ಡೆನಿಮ್‌ಗೆ ಮಾತ್ರ ಇಂದಿಗೂ ಔನ್ಸ್ ಲೆಕ್ಕವೇ ನಡೆಯುತ್ತದೆ: ಚದರ ಗಜಕ್ಕೆ ಒಂದು ಔನ್ಸ್ ಅಂದರೆ ಸುಮಾರು 34 ಜಿಎಸ್‌ಎಂ.

ಆ ಯುವಕನಿಗೆ ಹಬ್ಬಕ್ಕೆ ಬೇರೆ ದಾರಿ ಇರಲಿಲ್ಲ, ಸರಕು ಇಟ್ಟುಕೊಂಡ. ಮುಂದಿನ ಆರ್ಡರ್ ಅನ್ನು ನಾವಿಬ್ಬರೂ ಕೂತು ಬರೆದೆವು: 24 ಕೌಂಟ್ ಕೋಂಬ್ಡ್, ಒಗೆದ ಮೇಲೆ 180, ಹೆಚ್ಚುಕಮ್ಮಿ ಶೇ 5, ಕುಗ್ಗುವುದು ಶೇ 5 ಮೀರಕೂಡದು, ಹೊಲಿಗೆಗೆ ಮೊದಲು ಥಾನಿನ ಐದು ಕಡೆ ತೂಕ. ಒಪ್ಪಿದ ಸ್ಯಾಂಪಲ್‌ನ ತುಂಡನ್ನು ಎರಡು ಮಾಡಿ, ಎರಡರ ಮೇಲೂ ತಾರೀಕು ಬರೆದು ಸಹಿ ಹಾಕಿದ. ಒಂದು ತಿರುಪ್ಪೂರಿಗೆ ಹೋಯಿತು, ಇನ್ನೊಂದು ಅವನ ಫೈಲಿನಲ್ಲಿದೆ.