ಕೈ ಸಡಿಲ, ಟೈರ್ ಸಡಿಲ, ಸಾಲು ಸಡಿಲ

ಮೊದಲ ಸಲ ಜಲ್ಲಿ ಹಾದಿಯಲ್ಲಿ ಬೈಕ್ ಓಡಿಸಿದ ದಿನ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಟಾರು ರಸ್ತೆ ಮುಗಿದು ಐವತ್ತು ಮೀಟರ್ ಹೋಗಿರಲಿಲ್ಲ, ಮುಂದಿನ ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡತೊಡಗಿತು. ಹೆದರಿಕೆಯಾಯಿತು. ಹ್ಯಾಂಡಲನ್ನು ಬಿಗಿಯಾಗಿ ಹಿಡಿದೆ. ಭುಜ ಮೇಲೇರಿತು, ಕಣ್ಣು ಚಕ್ರದ ಮುಂದಿನ ಕಲ್ಲುಗಳಲ್ಲೇ ನೆಟ್ಟಿತು. ಮೂರು ಸೆಕೆಂಡಿನಲ್ಲಿ ನೆಲದ ಮೇಲಿದ್ದೆ. ಗುಂಪಿನ ಹಿರಿಯ ಸವಾರರೊಬ್ಬರು ಬಂದು ಬೈಕ್ ಎತ್ತಲು ಕೈ ಹಾಕಿದರು. "ಅದು ನೇರವಾಗೇ ಹೋಗ್ತಿತ್ತು, ನೀವು ಬಿಡಲಿಲ್ಲ ಅಷ್ಟೇ" ಎಂದರು.

ಆ ಮಾತಿನ ಹಿಂದೆ ಗಟ್ಟಿಯಾದ ಭೌತವಿಜ್ಞಾನ ಇದೆ ಎಂದು ತಿಳಿದದ್ದು ಆಮೇಲೆ. ಬೈಕನ್ನು ಪಕ್ಕದಿಂದ ನೋಡಿ. ಹ್ಯಾಂಡಲ್ ತಿರುಗುವ ಕಂಬ ಓರೆಯಾಗಿರುತ್ತದೆ. ಆ ಓರೆಯಲ್ಲೇ ನೆಲದವರೆಗೆ ಒಂದು ಗೆರೆ ಎಳೆದುಕೊಳ್ಳಿ. ಗೆರೆ ನೆಲ ಮುಟ್ಟುವ ಜಾಗ, ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಸುಮಾರು 10 ಸೆಂಟಿಮೀಟರ್ ಮುಂದಿರುತ್ತದೆ. ಅಂದರೆ ಟೈರು ಆ ಗೆರೆಯ ಹಿಂದೆ ಎಳೆಸಿಕೊಂಡು ಬರುತ್ತದೆ. ಕಚೇರಿ ಕುರ್ಚಿಯ ಪುಟ್ಟ ಚಕ್ರಗಳು ತಳ್ಳಿದ ದಿಕ್ಕಿಗೆ ತಾವೇ ಹೊಂದಿಕೊಳ್ಳುತ್ತವೆ ಅಲ್ವಾ? ಇಲ್ಲೂ ಅದೇ. ಕಲ್ಲೊಂದು ಚಕ್ರವನ್ನು ಎಡಕ್ಕೆ ಒದ್ದರೆ ನೆಲವೇ ಅದನ್ನು ಮತ್ತೆ ನೇರಕ್ಕೆ ಎಳೆಯುತ್ತದೆ. ಬೈಕ್ ಒಂದು ಕಡೆ ವಾಲಿದರೆ ಮುಂಚಕ್ರ ಆ ಕಡೆಗೇ ತಿರುಗಿ, ಬೀಳುತ್ತಿರುವ ಭಾರದ ಅಡಿಗೆ ತಾನೇ ಬಂದು ನಿಲ್ಲುತ್ತದೆ.

ಎರಡು ಚಕ್ರದ ಗಾಡಿ ಬೀಳದಿರಲು ತಿರುಗುವ ಚಕ್ರದ ಬುಗುರಿ ಗುಣವೇ ಕಾರಣ ಎಂದು ಬಹಳ ಕಾಲ ಹೇಳುತ್ತಿದ್ದರು. 2011ರಲ್ಲಿ ಹಾಲೆಂಡಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವಿಚಿತ್ರ ಸೈಕಲ್ ಮಾಡಿದರು. ಅದರಲ್ಲಿ ಬುಗುರಿ ಗುಣವನ್ನು ಇಲ್ಲವಾಗಿಸಿದ್ದರು. ಟೈರ್ ಹಿಂದೆ ಎಳೆಸಿಕೊಂಡು ಬರುವ ಆ ಏರ್ಪಾಡನ್ನೂ ತೆಗೆದಿದ್ದರು. ಆದರೂ ಸವಾರನಿಲ್ಲದೆ ತಳ್ಳಿ ಬಿಟ್ಟರೆ ಅದು ಬೀಳದೆ ಓಡಿತು. ಭಾರ ಎಲ್ಲೆಲ್ಲಿ ಕೂತಿದೆ ಅನ್ನುವುದರಿಂದಲೂ ಗಾಡಿಗೆ ಸ್ಥಿರತೆ ಬರುತ್ತದೆ ಎಂದು ಅವರು ತೋರಿಸಿಕೊಟ್ಟರು. ಹೀಗೆ ಕಾರಣ ಹಲವು. ಆದರೆ ಕೆಲಸ ನಡೆಯುವುದು ಒಂದೇ ದಾರಿಯಲ್ಲಿ: ವಾಲಿದ ಕಡೆಗೆ ಚಕ್ರ ತಿರುಗಬೇಕು. ಹ್ಯಾಂಡಲನ್ನು ಬಿಗಿ ಹಿಡಿದವರು ತಡೆಯುವುದು ಇದನ್ನೇ.

ಬಿಗಿ ಹಿಡಿತಕ್ಕೆ ಇನ್ನೊಂದು ಬೆಲೆಯೂ ಇದೆ. ಗಂಟೆಗಟ್ಟಲೆ ಹಿಸುಕಿ ಹಿಡಿದರೆ ಮುಂಗೈ ಸ್ನಾಯು ಉಬ್ಬಿ, ಒಳಗಿನ ಒತ್ತಡ ಏರಿ, ರಕ್ತ ಸಲೀಸಾಗಿ ಹರಿಯುವುದಿಲ್ಲ. ಬೆರಳು ಮರಗಟ್ಟುತ್ತದೆ. ಬ್ರೇಕ್ ಬೇಕಾದ ಹೊತ್ತಿಗೆ ಬೆರಳಲ್ಲಿ ಶಕ್ತಿ ಇರುವುದಿಲ್ಲ. ಹಿಡಿತ ಏನಿದ್ದರೂ ಮೊಣಕಾಲಿನಲ್ಲಿ ಇರಲಿ. ಟ್ಯಾಂಕನ್ನು ಮೊಣಕಾಲುಗಳಿಂದ ಒತ್ತಿ ಹಿಡಿದರೆ ಕೈಗೆ ಕೆಲಸ ತಾನಾಗಿ ಕಡಿಮೆಯಾಗುತ್ತದೆ.

ಕಚ್ಚಾ ಹಾದಿಯಲ್ಲಿ ಸವಾರರು ಎದ್ದು ನಿಂತು ಓಡಿಸುವುದನ್ನು ನೋಡಿರುತ್ತೀರಿ. "ನಿಂತರೆ ಭಾರವೆಲ್ಲ ಫುಟ್‌ರೆಸ್ಟ್ ಮೇಲೆ ಬೀಳುತ್ತದೆ, ಹಾಗಾಗಿ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ" ಎಂದು ತುಂಬ ಜನ ವಿವರಿಸುತ್ತಾರೆ. ಅದು ತಪ್ಪು. ನಿಂತರೆ ದೇಹ ಮೇಲೇರುತ್ತದೆ, ಗುರುತ್ವ ಕೇಂದ್ರವೂ ಮೇಲೇರುತ್ತದೆ. ನಿಜವಾದ ಲಾಭ ಬೇರೆ. ಕೂತಾಗ ನೀವು ಮತ್ತು ಬೈಕ್ ಒಂದೇ ಗಟ್ಟಿ ತುಂಡು. ಬೈಕ್ ಜಿಗಿದರೆ ನಿಮ್ಮ ಅರವತ್ತು ಎಪ್ಪತ್ತು ಕಿಲೋ ಕೂಡ ಜಿಗಿಯಬೇಕು. ನಿಂತಾಗ ಆ ನಂಟು ಸಡಿಲವಾಗುತ್ತದೆ. ಮಂಡಿ ಮಡಚಿ ಬಿಚ್ಚಿ ಪೆಟ್ಟನ್ನು ನುಂಗುತ್ತದೆ. ಬೈಕ್ ಕೆಳಗೆ ಎಡಬಲ ಓಲಾಡುತ್ತಿದ್ದರೂ ದೇಹ ಬಹುತೇಕ ನೇರವಾಗಿ ಮುಂದೆ ಸಾಗುತ್ತದೆ. ಜೊತೆಗೆ ಕಣ್ಣು ಒಂದೂವರೆ ಅಡಿ ಮೇಲೇರುವುದರಿಂದ ಮುಂದಿನ ತಿರುವು, ಗುಂಡಿ ಬೇಗ ಕಾಣುತ್ತವೆ. ನೋಟ ಮಾತ್ರ ಹೋಗಬೇಕಾದ ಜಾಗದಲ್ಲಿ ಇರಲಿ. ಕಲ್ಲನ್ನೇ ದಿಟ್ಟಿಸಿದರೆ ಕೈ ನಿಮ್ಮನ್ನು ಕಲ್ಲಿಗೇ ಕರೆದೊಯ್ಯುತ್ತದೆ.

ಇನ್ನು ಟೈರಿಗೆ ಬರೋಣ. ಸಣ್ಣ ಲೆಕ್ಕವೊಂದು ಮಾಡಿ. ಹಿಂಚಕ್ರದ ಮೇಲೆ 100 ಕಿಲೋ ಭಾರ ಇದೆ ಅಂದುಕೊಳ್ಳಿ. ಟೈರಿನಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಮಾನ) ಗಾಳಿ ಇದ್ದರೆ, ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡ. 100 ಕಿಲೋ ಹೊರಲು ಸುಮಾರು 47 ಚದರ ಸೆಂಟಿಮೀಟರ್ ಟೈರು ನೆಲಕ್ಕೆ ತಾಗಿರಬೇಕು. ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿದರೆ ಅದು ಸುಮಾರು 79 ಆಗುತ್ತದೆ. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ನಿಜದಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಾಗಿರುವುದಿಲ್ಲ, ಆದರೆ ಕೈಗೆ ಗೊತ್ತಾಗುವಷ್ಟು ಇದ್ದೇ ಇರುತ್ತದೆ. ಮೆತ್ತಗಾದ ಟೈರು ಕಲ್ಲಿನಿಂದ ಕಲ್ಲಿಗೆ ಪುಟಿಯುವುದಿಲ್ಲ. ಕಲ್ಲನ್ನು ತಬ್ಬಿಕೊಂಡು ದಾಟುತ್ತದೆ. ಮರಳಿನಲ್ಲಿ ಹೂತುಕೊಳ್ಳುವುದೂ ಕಡಿಮೆ.

ಹಾಗಂತ ಗಾಳಿಯನ್ನು ಸುಮ್ನೆ ಇಳಿಸುತ್ತಾ ಹೋಗಬೇಡಿ. ತುಂಬ ಇಳಿದರೆ ಚೂಪು ಕಲ್ಲು ಟ್ಯೂಬನ್ನು ರಿಮ್ಮಿಗೆ ಒತ್ತಿ ಕತ್ತರಿಸುತ್ತದೆ, ರಿಮ್ಮೂ ಸೊಟ್ಟಗಾಗುತ್ತದೆ. ಎಷ್ಟು ಇಳಿಸಬಹುದು ಅನ್ನುವುದು ಬೈಕ್, ಟೈರ್, ಹೊರೆ ನೋಡಿ ನಿರ್ಧಾರವಾಗಬೇಕು. ಟಾರು ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಮೆತ್ತನೆಯ ಟೈರು ವೇಗದಲ್ಲಿ ಬಿಸಿಯೇರುತ್ತದೆ, ತಿರುವಿನಲ್ಲಿ ತೂಗಾಡುತ್ತದೆ. ಹಾಗಾಗಿ ಪುಟ್ಟ ಪಂಪ್ ಮತ್ತು ಗಾಳಿ ಅಳೆಯುವ ಗೇಜ್ ಇಲ್ಲದೆ ನಾನು ಎಲ್ಲೂ ಹೋಗುವುದಿಲ್ಲ.

ಬ್ರೇಕ್ ವಿಷಯದಲ್ಲಿ ಜನ ಜಾಸ್ತಿ ಗೊಂದಲಕ್ಕೆ ಬೀಳುತ್ತಾರೆ. ಟಾರು ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಸರಿಯುತ್ತದೆ. ಓಡದೆ ನಿಂತಿದ್ದಾಗ ಎರಡೂ ಚಕ್ರಗಳ ಮೇಲೆ ಅರ್ಧರ್ಧ ಭಾರ ಇದ್ದ ಬೈಕಿನಲ್ಲಿ, ಆ ಹೊತ್ತಿಗೆ ಮುಂಚಕ್ರವೊಂದೇ ಸುಮಾರು ಶೇಕಡ 85ರಷ್ಟು ಹೊರುತ್ತಿರುತ್ತದೆ. ಹಿಂಚಕ್ರ ನೆಲವನ್ನು ಮುಟ್ಟಿಯೂ ಮುಟ್ಟದ ಹಾಗೆ ಇರುತ್ತದೆ. ಅದಕ್ಕೇ ದಿನನಿತ್ಯದ ರಸ್ತೆಯಲ್ಲಿ ಮುಂದಿನ ಬ್ರೇಕೇ ಮುಖ್ಯ. ಬರೀ ಹಿಂದಿನ ಬ್ರೇಕ್ ತುಳಿಯುವವರು ತಮ್ಮ ಬೈಕಿನ ಹೆಚ್ಚಿನ ಶಕ್ತಿಯನ್ನು ಬಳಸುತ್ತಲೇ ಇಲ್ಲ.

ಜಲ್ಲಿಯ ಮೇಲೆ ಹಿಡಿತ ಅರ್ಧಕ್ಕೆ ಇಳಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಿಂದ ಟಾರಿನ ಮೇಲೆ 20 ಮೀಟರಿನಲ್ಲಿ ನಿಲ್ಲುವ ಬೈಕಿಗೆ ಅಲ್ಲಿ 40 ಮೀಟರ್ ಬೇಕು. ಕಣ್ಣು ಕಂಡು ಕೈ ಬ್ರೇಕ್ ಹಿಡಿಯುವ ಮೊದಲ ಒಂದು ಸೆಕೆಂಡಿನಲ್ಲಿ ಓಡುವ 17 ಮೀಟರ್ ಬೇರೆ. ನಿಧಾನವಾಗಿ ವೇಗ ಇಳಿಯುವುದರಿಂದ ಭಾರವೂ ಅಷ್ಟೊಂದು ಮುಂದೆ ಸರಿಯುವುದಿಲ್ಲ. ಹಿಂಚಕ್ರದಲ್ಲಿ ಮೂರನೇ ಒಂದು ಭಾಗ ಭಾರ ಉಳಿದಿರುತ್ತದೆ. ಆದ್ದರಿಂದ ಇಲ್ಲಿ ಹಿಂದಿನ ಬ್ರೇಕಿಗೆ ನಿಜವಾದ ಕೆಲಸವಿದೆ. ಹಿಂಚಕ್ರ ಲಾಕ್ ಆಗಿ ಜಾರಿದರೂ ಸಂಭಾಳಿಸಬಹುದು. ಅದು ಸಡಿಲ ಕಲ್ಲನ್ನು ತನ್ನ ಮುಂದೆ ಗುಡ್ಡೆ ಹಾಕಿಕೊಳ್ಳುತ್ತದೆ, ಆ ಗುಡ್ಡೆಯೇ ತಡೆಯಾಗುತ್ತದೆ. ಟಾರು, ಕಚ್ಚಾ ಹಾದಿ ಎರಡಕ್ಕೂ ಆಗುವ ಹಲವು ಡ್ಯುಯಲ್ ಸ್ಪೋರ್ಟ್ ಬೈಕುಗಳಲ್ಲಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಏರ್ಪಾಡನ್ನು ಹಿಂಚಕ್ರಕ್ಕೆ ಆರಿಸಲು ಸ್ವಿಚ್ ಕೊಟ್ಟಿರುವುದು ಇದಕ್ಕೇ. ಮುಂಚಕ್ರ ಲಾಕ್ ಆದರೆ ಮಾತ್ರ ಕತೆ ಬೇರೆ. ಜಾರುವ ಮುಂಚಕ್ರಕ್ಕೆ ದಿಕ್ಕೇ ಇರುವುದಿಲ್ಲ. ಮುಂದಿನ ಬ್ರೇಕನ್ನು ಒಂದೇ ಬೆರಳಲ್ಲಿ, ಮೆಲ್ಲಗೆ ಒತ್ತಿ.

ನೀರಿನ ಬಗ್ಗೆ ಒಂದು ಮಾತು. ಹಳ್ಳದಲ್ಲಿ ಬೈಕ್ ಬಿದ್ದರೆ ಮೊದಲು ಎಂಜಿನ್ ಆರಿಸಿ, ಎತ್ತಿದ ಮೇಲೆ ಸ್ಟಾರ್ಟ್ ಬಟನ್ ಒತ್ತಬೇಡಿ. ಗಾಳಿಯನ್ನು ಪಿಸ್ಟನ್ ಅದುಮಬಲ್ಲದು, ನೀರನ್ನು ಅದುಮಲಾರದು. ಸಿಲಿಂಡರಿನಲ್ಲಿ ನೀರು ತುಂಬಿದ್ದರೆ ಬಗ್ಗುವುದು ಪಿಸ್ಟನ್ನಿಗೆ ಜೋಡಿಸಿದ ಸರಳು, ಅಂದರೆ ಕನೆಕ್ಟಿಂಗ್ ರಾಡ್. ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ ತಿರುಗಿಸಿ, ನೀರು ಚಿಮ್ಮಿ ಹೊರಬಂದ ಮೇಲೆಯೇ ಮುಂದಿನ ಮಾತು.

ಒಬ್ಬರೇ ಓಡಿಸುವಾಗ ಇಷ್ಟು ಸಾಕು. ಹತ್ತು ಜನ ಸೇರಿದರೆ ಹೊಸದೊಂದು ಭೌತವಿಜ್ಞಾನ ಶುರುವಾಗುತ್ತದೆ. ಜಪಾನಿನ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತದ ಮೇಲೆ 22 ಕಾರುಗಳನ್ನು ಸಮ ವೇಗದಲ್ಲಿ ಓಡಿಸಿ ನೋಡಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಸಿಗ್ನಲ್ ಇರಲಿಲ್ಲ, ಅಪಘಾತ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಟ್ರಾಫಿಕ್ ಜಾಮ್ ತಾನಾಗಿ ಹುಟ್ಟಿತು! ಒಬ್ಬರು ಕೊಂಚ ನಿಧಾನಿಸಿದರೆ ಹಿಂದಿನವರು ಇನ್ನೂ ಕೊಂಚ ಜಾಸ್ತಿ ನಿಧಾನಿಸುತ್ತಾರೆ. ಹೀಗೆ ಅಲೆ ಬೆಳೆಯುತ್ತಾ ಹಿಂದೆ ಹಿಂದೆ ಸಾಗುತ್ತದೆ.

ಬೈಕ್ ಗುಂಪಿನಲ್ಲಿ ಇದು ದಿನವೂ ಕಾಣುತ್ತದೆ. ಮುಂದಿನವರು ತಿರುವಿನಲ್ಲಿ ನಿಧಾನಿಸಿ ಮತ್ತೆ ವೇಗ ಹಿಡಿದಾಗ, ಕೊನೆಯವರು ಇನ್ನೂ ತಿರುವಿಗೆ ಬಂದೇ ಇರುವುದಿಲ್ಲ. ಅಂತರ ಮುಚ್ಚಲು ಅವರು ಮುಂದಿನವರಿಗಿಂತ ವೇಗವಾಗಿ ಓಡಿಸಬೇಕಾಗುತ್ತದೆ. ಮುಂದಾಳು 40ರಲ್ಲಿ ಆರಾಮಾಗಿ ಹೋಗುತ್ತಿದ್ದಾಗ ಕೊನೆಯವರು 60ರಲ್ಲಿ ಧೂಳು ಕುಡಿಯುತ್ತಾ ಒದ್ದಾಡುತ್ತಿರುತ್ತಾರೆ. ದುರದೃಷ್ಟಕ್ಕೆ ಎಷ್ಟೋ ಗುಂಪುಗಳಲ್ಲಿ ಹೊಸಬರನ್ನು ಕೊನೆಗೆ ಹಾಕುತ್ತಾರೆ. ನನ್ನ ಮಟ್ಟಿಗೆ ಇದು ಗುಂಪು ಸವಾರಿಯ ಅತಿ ದೊಡ್ಡ ತಪ್ಪು. ಹೊಸಬರು ಮುಂದಾಳುವಿನ ಬೆನ್ನಿಗೇ ಇರಬೇಕು, ನುರಿತವರು ಹಿಂದೆ ಇರಬೇಕು.

ಅಲೆಗೆ ಮದ್ದು ಅಂತರ. ಮುಂದಿನವರ ಧೂಳು ಇಳಿಯುವವರೆಗೆ ತಡೆದು, ಹಾದಿಯಲ್ಲಿ ಒಬ್ಬರೇ ಇದ್ದೀರಿ ಅನ್ನುವ ಹಾಗೆ ಓಡಿಸಿ. "ದಾರಿ ತಪ್ಪಿದರೆ?" ಎಂಬ ಭಯವೇ ಜನರನ್ನು ಒತ್ತೊತ್ತಾಗಿ ಓಡಿಸುವುದು. ಅದಕ್ಕೊಂದು ಸೊಗಸಾದ ಏರ್ಪಾಡಿದೆ. ದಾರಿ ಕವಲೊಡೆದಾಗ ಮುಂದಾಳುವಿನ ಬೆನ್ನಿಗಿರುವ ಸವಾರರೊಬ್ಬರು ಅಲ್ಲೇ ನಿಂತು, ಬರುವವರಿಗೆಲ್ಲ ದಿಕ್ಕು ತೋರಿಸುತ್ತಾರೆ. ಎಲ್ಲರಿಗಿಂತ ಹಿಂದೆ ಬರುವ ಕಾವಲು ಸವಾರರು ತಲುಪಿದ ಮೇಲೆಯೇ ಅವರು ಹೊರಡುವುದು. ಮುಂದಿನ ಕವಲಿಗೆ ಮತ್ತೊಬ್ಬರು. ಹೊಸಬರ ಸರದಿ ಬಂದಾಗ ಅನುಭವಿ ಒಬ್ಬರು ಜೊತೆಗೆ ನಿಲ್ಲಲಿ.

ನಾಲ್ಕೈದು ಜನರಿದ್ದರೆ ಇನ್ನೂ ಸರಳ: ಪ್ರತಿ ಕವಲಿನಲ್ಲಿ ನಿಮ್ಮ ಹಿಂದಿನವರು ಕಾಣುವವರೆಗೆ ನಿಲ್ಲಿ. ಕೊನೆಯವರು ಎಲ್ಲೋ ಬಿದ್ದರೆ ಅವರ ಮುಂದಿನವರು ಕಾಯುತ್ತಾರೆ, ಅವರು ಬಾರದ್ದರಿಂದ ಇನ್ನೂ ಮುಂದಿನವರೂ ಕಾಯುತ್ತಾರೆ. ಯಾರೂ ಫೋನ್ ಮಾಡದೆಯೇ ಸುದ್ದಿ ಮುಂದಾಳುವಿಗೆ ಮುಟ್ಟುತ್ತದೆ. ಜಾಮ್ ಹಿಂದಕ್ಕೆ ಹರಿಯುತ್ತದೆ, ಈ ಸುದ್ದಿ ಮುಂದಕ್ಕೆ ಹರಿಯುತ್ತದೆ.

ಕಿರಿದಾದ ಹಾದಿಯಲ್ಲಿ ಎದುರಿನಿಂದ ಇನ್ನೊಂದು ಗುಂಪು ಬಂದರೆ, ಎಷ್ಟೋ ಕಡೆ ಸವಾರರು ಬೆರಳೆತ್ತಿ ಹಿಂದೆ ಎಷ್ಟು ಜನ ಇದ್ದಾರೆಂದು ತೋರಿಸುತ್ತಾರೆ. ಕೊನೆಯವರು ಮುಷ್ಟಿ ತೋರಿಸುತ್ತಾರೆ, ಇನ್ನು ಯಾರೂ ಇಲ್ಲ ಅಂತ. ಕೈ ಬಿಡಲಾಗದ ಜಾಗವಾದರೆ ಬೇಡ, ಎರಡೂ ಕೈ ಹ್ಯಾಂಡಲ್ ಮೇಲೇ ಇರಲಿ. ಕುದುರೆ, ದನ, ನಡೆದು ಬರುವವರು ಎದುರಾದರೆ ಎಂಜಿನ್ ಆರಿಸಿ ನಿಂತುಬಿಡಿ. ಮಳೆಗೆ ನೆನೆದ ಮೆತ್ತನೆ ಹಾದಿಗೆ ಆ ದಿನ ಹೋಗಲೇಬೇಡಿ. ಟೈರ್ ಕೊರೆದ ಸಾಲಿನಲ್ಲಿ ಮುಂದಿನ ಮಳೆಯ ನೀರು ಹರಿದು ಹಾದಿಯನ್ನೇ ಕೊಚ್ಚುತ್ತದೆ.

ಸಡಿಲ ಸಡಿಲ ಎಂದೆ. ಒಂದು ಮಾತ್ರ ಬಿಗಿಯಾಗಿರಬೇಕು, ಹೆಲ್ಮೆಟ್ ಪಟ್ಟಿ. ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ 1935ರಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಆಮೇಲೆ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, 1941ರಲ್ಲಿ ಹೆಲ್ಮೆಟ್ ಏಕೆ ಬೇಕೆಂದು ಬರೆದರು. ಹೆಲ್ಮೆಟ್ಟಿನ ಒಳಗಿನ ಫೋಮ್ ಪೆಟ್ಟು ಬಿದ್ದಾಗ ತಾನು ನಜ್ಜುಗುಜ್ಜಾಗಿ ತಲೆಯನ್ನು ಉಳಿಸುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಅದಕ್ಕೇ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸಲೇಬೇಕು.

ಹಾದಿ ಮುಗಿದು ಟಾರು ರಸ್ತೆಗೆ ಬಂದಾಗ ಮೈ ದಣಿದಿರುತ್ತದೆ, ಗಮನ ಸಡಿಲಾಗಿರುತ್ತದೆ. ನಾನು ಹೆಚ್ಚು ಎಚ್ಚರದಿಂದಿರುವುದು ಆಗಲೇ. ಬೈಕಿನ ಮುಖ ಕಿರಿದು. ನೇರವಾಗಿ ತಮ್ಮತ್ತ ಬರುವ ಕಿರಿದಾದ ವಸ್ತು ಕಣ್ಣಿಗೆ ಚಲಿಸಿದಂತೆಯೇ ಕಾಣುವುದಿಲ್ಲ. ಅಡ್ಡರಸ್ತೆಯಲ್ಲಿ ನಿಂತ ಕಾರಿನವರು ನಿಮ್ಮತ್ತ ನೋಡಿಯೂ ನಿಮ್ಮನ್ನು ಕಾಣದಿರಬಹುದು. ಅಂಥ ಜಾಗ ಬಂದಾಗ ನಾನು ವೇಗ ಇಳಿಸಿ, ಎರಡು ಬೆರಳು ಬ್ರೇಕ್ ಮೇಲೆ ಇಟ್ಟು, ನನ್ನ ಲೇನಿನೊಳಗೇ ಮೆಲ್ಲಗೆ ಒಂದು ಪಕ್ಕಕ್ಕೆ ಸರಿಯುತ್ತೇನೆ. ಅಡ್ಡ ಚಲನೆ ಕಣ್ಣಿಗೆ ಬೇಗ ಬೀಳುತ್ತದೆ. ಆಮೇಲೆ ಕಾರಿನವರ ಮುಖ ನೋಡುವುದಿಲ್ಲ, ಕಾರಿನ ಮುಂದಿನ ಚಕ್ರ ನೋಡುತ್ತೇನೆ. ಕಾರು ಹೊರಟರೆ ಮೊದಲು ಗೊತ್ತಾಗುವುದು ಅಲ್ಲಿ.